ಹದಿನಾಲ್ಕನೇ ಸಾಲಿನ ‘ಇಲ್ಲ’

ಮಕ್ಕಳ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನನ್ನ ಏಳು ವರ್ಷದ ಮಗಳ ಕಡತದ ಹದಿನಾಲ್ಕನೇ ಸಾಲಿನಲ್ಲಿ ತಪ್ಪು ಉತ್ತರವಿದೆ. ಕೊಟ್ಟವರು ನಾವೇ. ತಿದ್ದಲು ಬಂದರೆ ನಿಮ್ಮ ಕಚೇರಿ ಬಿಡುತ್ತಿಲ್ಲ.

ಅವಳಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ಅತಿಚಟುವಟಿಕೆ, ಇದೆ ಎಂದಿದ್ದಾರೆ ನಿಮ್ಮ ವೈದ್ಯರು. ತಕರಾರಿಲ್ಲ. ಒಂದು ಶೂ ಹಾಕಿಕೊಂಡು ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಮೂರು ಕೋಣೆ ಸುತ್ತಿ ಬರುವ ಮಗುವನ್ನು ಸಾಕುತ್ತಿರುವವಳು ನಾನು. ಮಾತ್ರೆಯ ಮೇಲೂ ಸಿಟ್ಟಿಲ್ಲ. ಆದರೆ ಆ ಮಾತ್ರೆ ಎದೆಬಡಿತ ಏರಿಸಬಹುದು, ಆದ್ದರಿಂದ ಮಗುವಿನ ಮತ್ತು ಮನೆತನದ ಹೃದಯದ ವಿಚಾರ ಮೊದಲೇ ವಿವರವಾಗಿ ಕೇಳತಕ್ಕದ್ದು ಎಂದು ನಿಮ್ಮದೇ ಕೈಪಿಡಿ ಹೇಳುತ್ತದೆ. ಕೇಳಲಿಲ್ಲ ಎನ್ನಲಾರೆ. ಔಷಧದ ಸಾಲಿನಲ್ಲಿ ನಿಂತಿದ್ದ ನನ್ನ ಗಂಡನನ್ನು ನಿಮ್ಮ ಗುಮಾಸ್ತರು ತಲೆಯೆತ್ತದೆ ಕೇಳಿದರು: “ಮನೇಲಿ ಚಿಕ್ಕ ವಯಸ್ಸಲ್ಲಿ ಯಾರಾದ್ರೂ ಹಾರ್ಟಿಂದ ಹೋಗಿದ್ದಾರಾ? ಇಲ್ಲ ಅಲ್ವಾ?” ಪ್ರಶ್ನೆಯ ಬಾಲಕ್ಕೇ ಉತ್ತರ ಕಟ್ಟಿಕೊಡುವ ಈ ಔದಾರ್ಯ ಬೇರೆಲ್ಲಿ ಸಿಕ್ಕೀತು? ನನ್ನ ಗಂಡ ಇಲ್ಲ ಎಂದರು. ಅದೇ ಹದಿನಾಲ್ಕನೇ ಸಾಲಾಯಿತು.

ಅವರು ಸುಳ್ಳಾಡಲಿಲ್ಲ. ಅವರ ಅಕ್ಕ ಹದಿನಾರಕ್ಕೆ ಈಜುಕೊಳದಲ್ಲಿ ಮುಳುಗಿ ಹೋದಳೆಂಬುದು ಮನೆಯ ಮಾತು. ಅದಕ್ಕೆಂದೇ ಮಗಳಿಗೆ ನಾಲ್ಕನೇ ವರ್ಷಕ್ಕೇ ಈಜು ಕಲಿಸಿದವರು ಅವರು.

ಅಂದು ಸಂಜೆ ಮಾತ್ರೆಯ ಜೊತೆಗಿದ್ದ ಚೀಟಿಯನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ: ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದರೆ ವೈದ್ಯರಿಗೆ ತಿಳಿಸಿ. ಬಟಾಣಿ ಸುಲಿಯುತ್ತಿದ್ದ ಅತ್ತೆಯ ಕೈ ನಿಂತಿತು.

“ಅವಳು ಮುಳುಗಲಿಲ್ಲ ಕಣಮ್ಮ. ನೀರಿಗೇ ಇಳಿದಿರಲಿಲ್ಲ. ಓಡಿ ಬಂದು ಕೊಳದ ಮೆಟ್ಟಿಲ ಮೇಲೆ ಕೂತವಳು ಹಾಗೇ ಒರಗಿದ್ಲು. ತಲೆಕೂದಲು ಒಣಗೇ ಇತ್ತು.”

ಹಾಗಾದರೆ ಮುಳುಗಿದಳು ಎಂದದ್ದೇಕೆ ಎಂದು ಕೇಳಿದೆ.

“ಮುಳುಗಿದ್ಲು ಅಂದ್ರೆ ಜನ ಸುಮ್ಮನಾಗ್ತಾರೆ. ಇಲ್ಲಾಂದ್ರೆ ಮಿಕ್ಕ ಮಕ್ಕಳಿಗೂ ಏನಿದೆಯೋ ಅಂತಾರೆ.”

ನನ್ನ ಗಂಡ ತೊಳೆದ ಲೋಟವನ್ನೇ ಮೂರು ಸಲ ತೊಳೆದರು.

ಮರುದಿನ ನಿಮ್ಮ ಕೌಂಟರಿಗೆ ಬಂದೆ. ಉತ್ತರ ಕಂಪ್ಯೂಟರಿಗೆ ಹೋಗಿಬಿಟ್ಟಿದೆ, ಮುಂದಿನ ಭೇಟಿಯಲ್ಲಿ ಹೇಳಿ, ಅಲ್ಲಿಯವರೆಗೆ ಮಾತ್ರೆ ಶುರು ಮಾಡಿ ಎಂದರು. ಮುಂದಿನ ಭೇಟಿ ಒಂಬತ್ತು ವಾರಕ್ಕೆ. ಸತ್ತು ಇಪ್ಪತ್ತೆರಡು ವರ್ಷವಾದವಳ ಸಾವಿನ ಕಾರಣವೇ ಬದಲಾಯಿತು. ನಿಮ್ಮ ಕಂಪ್ಯೂಟರಿನ ಎರಡಕ್ಷರ ಬದಲಾಗದೇ? ವೈದ್ಯರನ್ನು ಒಂದು ನಿಮಿಷ ಕಾಣಲೇ ಎಂದೆ. ಟೋಕನ್ ಇಲ್ಲದವರನ್ನು ಬಿಡುವುದಿಲ್ಲವಂತೆ. ಅತ್ತ ಶಾಲೆಯವರು, ಮಾತ್ರೆ ಶುರುವಾಗದೆ ಸೋಮವಾರದಿಂದ ತರಗತಿಯಲ್ಲಿ ಕೂರಿಸುವುದಿಲ್ಲ ಎಂದಿದ್ದಾರೆ. ಅತ್ತ ದರಿ, ಇತ್ತ ಪುಲಿ. ಇದನ್ನು ಬರೀ ಹೆದರಿಕೆ ಎನ್ನಲೂ ಆಗುತ್ತಿಲ್ಲ. ನಿದ್ದೆಗೆಟ್ಟ ತಲೆಯಲ್ಲಿ ಸುಳಿಯುವುದು ಆ ಹುಡುಗಿಯ ಒದ್ದೆಯಾಗದ ಕೂದಲೊಂದೇ. ಮಗಳು ಓಡಿ ಬಂದು ಕೂತಾಗಲೆಲ್ಲ ಕೈ ತಾನಾಗಿ ಅವಳ ಎದೆಗೆ ಹೋಗುತ್ತದೆ. “ಅಮ್ಮಾ, ಕಚಗುಳಿ” ಎನ್ನುತ್ತಾಳೆ.

ನನಗೆ ನಿಮ್ಮ ಕ್ಷಮೆ ಬೇಡ. ಆ ‘ಇಲ್ಲ’ವನ್ನು ಹೊಡೆದುಹಾಕಿ, ಅತ್ತೆ ಹೇಳಿದ್ದನ್ನು ಬರೆಸಿ. ಮಗಳ ಹೃದಯ ಪರೀಕ್ಷಿಸಿದ ಮೇಲೆ ಮಾತ್ರೆಯ ವಿಚಾರ ವೈದ್ಯರೇ ತೀರ್ಮಾನಿಸಲಿ. ಅಲ್ಲಿಯವರೆಗೆ ಕಾಯಿರಿ ಎಂದು ಶಾಲೆಗೊಂದು ಚೀಟಿ ಕೊಡಿ. ಇನ್ನು ಮುಂದೆ ಆ ಪ್ರಶ್ನೆಯನ್ನು ಔಷಧದ ಸಾಲಿನಲ್ಲಿ ಎಸೆಯಬೇಡಿ. ಮನೆಯ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ, ಚಿಕ್ಕವರು ಯಾರು ಹೋದರು, ಆಗ ಏನು ಮಾಡುತ್ತಿದ್ದರು ಎಂದು ಕೇಳಿ. ಆಮೇಲೆ ಸುಮ್ಮನಿರಿ, ಅವರು ಹೇಳಲಿ.

ಯಾರೂ ಕೇಳದಿರಲಿ ಎಂದು ಇಪ್ಪತ್ತೆರಡು ವರ್ಷ ಕಳೆದ ನಮ್ಮತ್ತೆ, ಈಗ ಯಾರಾದರೂ ಕೇಳಲಿ ಎಂದು ಬೆಳಗಿನಿಂದ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕೂತಿದ್ದಾರೆ.

ಇಂತಿ,
ಮೂವತ್ತು ಮಾತ್ರೆಗಳಲ್ಲಿ ಒಂದನ್ನೂ ಪೊಟ್ಟಣದಿಂದ ಬಿಡಿಸದ,
ಟೋಕನ್ ಇಲ್ಲದ ತಾಯಿ