ಕಾಂಪೌಂಡ್ ಗೋಡೆ ಬಾಡಿಗೆಗೆ

ಮೇ 30, ಶುಕ್ರವಾರ

ಇವತ್ತೂ ಮನೆ ಮನೆ ತಿರುಗಿದ್ದಾಯಿತು. ಶಾಲೆಯಲ್ಲಿ ಒಟ್ಟು ಎಂಟು ಮಕ್ಕಳು. ಹತ್ತಾಗದಿದ್ದರೆ ದೊಡ್ಡಉಳ್ಳಾರ್ತಿ ಶಾಲೆಗೆ ಸೇರಿಸಿ ಇದಕ್ಕೆ ಬೀಗ ಹಾಕುತ್ತಾರಂತೆ. ಈ ಹಟ್ಟಿಯ ಪುಟಾಣಿಗಳು ಕಾವಲಿನ ಹುಲ್ಲುಗಾವಲು ದಾಟಿ ಅಲ್ಲಿಗೆ ನಡೆದಾರಾ? ಓದನ್ನೇ ಬಿಟ್ಟುಬಿಡುತ್ತಾರೆ.

ಸದ್ಯ, ಕೆಂಚಕ್ಕ ಒಪ್ಪಿದಳು. ಇಬ್ಬರು ಮೊಮ್ಮಕ್ಕಳು. "ಕಾರ ಹುಣ್ಣಿಮೆ ಕಳೀಲಿ ಮೇಡಂ, ಇಬ್ರನ್ನೂ ಕರ್ಕಂಡು ಬರ್ತೀನಿ. ನೀವು ಹೇಳಿದ ಮ್ಯಾಲೆ ಮುಗೀತು." ಸರ್ಕಾರಿ ಶಾಲೆ ಯಾವುದಕ್ಕೂ ಕಡಿಮೆಯಿಲ್ಲ ಅಂತ ಗಂಟಲು ಹರಿದುಕೊಂಡಿದ್ದು ಸಾರ್ಥಕ.

ಮೇ 31, ಶನಿವಾರ

ಪಿಡಿಒ ಎರ್ರಿಸ್ವಾಮಿ ಬಂದಿದ್ದರು. ಪಂಚಾಯಿತಿಗೆ ಆದಾಯ ಬೇಕಂತೆ. ನೀರಿನ ಟ್ಯಾಂಕು, ಬಸ್ ಸ್ಟ್ಯಾಂಡು, ನಮ್ಮ ಕಾಂಪೌಂಡು — ಎಲ್ಲ ಜಾಹೀರಾತಿಗೆ ಬಾಡಿಗೆ. "ಬಂದ ದುಡ್ಡಲ್ಲಿ ಮೊದ್ಲು ನಿಮ್ಮ ಟಾಯ್ಲೆಟ್ಟಿಗೆ ಬಾಗಿಲು ಹಾಕಿಸ್ತೀನ್ರಿ."

ಯಾರ ಜಾಹೀರಾತು ಅಂದೆ. ಸಿಮೆಂಟೋ ಬೀಜದ ಕಂಪನಿಯೋ ಇರಬೇಕು ಅಂದರು. ಒಪ್ಪಿಗೆ ಸಹಿ ಹಾಕಿದೆ. ಗುಟ್ಕಾ, ಬೀಡಿ ಬೇಡ ಅಂತ ಷರತ್ತು ಬೇರೆ ಬರೆದೆ... ಮಹಾ ಜಾಣೆ.

ಜೂನ್ 12, ಗುರುವಾರ, ಬೆಳಿಗ್ಗೆ 9.40

 

ಕಾಂಪೌಂಡಿಗೆ ನನಗಿಂತ ಎತ್ತರದ ಫ್ಲೆಕ್ಸು. ಸಿಮೆಂಟಲ್ಲ, ಬೀಜವಲ್ಲ. ಚಳ್ಳಕೆರೆಯ ಇಂಗ್ಲಿಷ್ ಮೀಡಿಯಂ ಸ್ಕೂಲು. 'ನಿಮ್ಮ ಹಟ್ಟಿಗೂ ನಮ್ಮ ಬಸ್.' ನನ್ನ ಶಾಲೆಯ ಗೋಡೆಯ ಮೇಲೆ.

ಆಮೇಲೆ ಫೋಟೊ ನೋಡಿದೆ. ಟೈ ಕಟ್ಟಿಕೊಂಡು ನಗುತ್ತಿರುವವಳು ನನ್ನ ಮಗಳು ಸ್ವಪ್ನ. ಎಸ್ಸೆಸ್ಸೆಲ್ಸಿ, ಶೇಕಡಾ 97.

ಹೌದು, ನಾನೇ ಸೇರಿಸಿದ್ದು. ಎಲ್‌ಕೆಜಿಯಿಂದ ಅಲ್ಲೇ. ಈ ಹಟ್ಟಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎರ್ರಿಸ್ವಾಮಿಗೆ ಫೋನ್ ಮಾಡಿದೆ. "ವರ್ಷದ ಕರಾರು ಆಗೈತ್ರಿ ಮೇಡಂ. ಗುಟ್ಕಾ ಅಲ್ವಲ್ಲ."

11.15

ಕೆಂಚಕ್ಕ ಬಂದಳು. ಮೊಮ್ಮಕ್ಕಳಿಬ್ಬರಿಗೂ ಎಣ್ಣೆ ಹಚ್ಚಿ ಜಡೆ ಹೆಣೆದಿದ್ದಳು. ಅವಳಿಗೆ ಓದು ಬಾರದು. ಗೇಟಿನ ಹತ್ತಿರ ನಿಂತು ಫೋಟೊ ನೋಡಿದಳು.

"ಯಾರ ಮಗೂರಿ ಇದು? ಥೇಟ್ ನಿಮ್ಮಂಗೇ ಐತೆ."

ಯಾರೋ ಏನೋ ಅಂದಿದ್ದರೆ ಮುಗಿಯುತ್ತಿತ್ತು. ಶಾಲೆ ಉಳಿಯುತ್ತಿತ್ತು.

"ನನ್ನ ಮಗಳು, ಕೆಂಚಕ್ಕ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಬಂದು, ಮಕ್ಕಳ ಆಧಾರ್ ಕಾರ್ಡುಗಳನ್ನು ಮೇಜಿನ ಮೇಲಿಟ್ಟು, ನನ್ನ ಕೈ ಹಿಡಿದುಕೊಂಡಳು. "ನಿಮ್ಮ ಮಗೀನ ಓದಿಸಿದ ಕಡೀಗೇ ಇವ್ರನ್ನೂ ಹಾಕಿಸಿ ಕೊಡ್ರಿ ಮೇಡಂ. ನೀವು ಹೇಳಿದ್ರೆ ಸೇರಿಸ್ಕಂತಾರೆ."

ಹೊರಗೆ ಕಟ್ಟೆಯ ಮೇಲೆ ಕಾಯುತ್ತಿದ್ದಾಳೆ. ಈಗ ನಾನು ಯಾವ ಬಾಯಲ್ಲಿ ಅವಳಿಗೆ 'ಇಲ್ಲೇ ಸೇರಿಸು' ಅನ್ನಲಿ?