ನದಿಗೆ ಬೆನ್ನು ಹಾಕಿದ ಕುರ್ಚಿ

ನದಿ ದಂಡೆ ಅಭಿವೃದ್ಧಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ನದಿ ದಂಡೆಯ ಹಳೆಯ ಬಾರ್ ಅಂಡ್ ರೆಸ್ಟೋರೆಂಟ್ "ಹನ್ನೆರಡು ವರ್ಷಗಳಿಂದ ಖಾಲಿ ಬಿದ್ದಿರುವ ಕಟ್ಟಡ"ವೆಂದೂ, ಹದಿನೈದು ದಿನಗಳಲ್ಲಿ ಅದನ್ನು ಕೆಡವಿ ವಾಯುವಿಹಾರದ ಹಾದಿ ಮಾಡುವುದಾಗಿಯೂ ತಾವು ನೋಟಿಸು ಹೊರಡಿಸಿದ್ದೀರಿ. ತಮ್ಮ ಜವಾನರು ಅದನ್ನು ಬಾಗಿಲಿಗೆ ಅಂಟಿಸುವಾಗ ನಾನು ಒಳಗೆ ಕರಿದ ಮೀನು ತಿನ್ನುತ್ತಿದ್ದೆ. ಒಂಬತ್ತು ಟೇಬಲ್ ಭರ್ತಿಯಾಗಿದ್ದವು. ಅಂಟು ಸಾಲದೆ ಅವರು ಅಡುಗೆಮನೆಗೇ ಬಂದು ಒಂದು ಬಟ್ಟಲು ಮೈದಾ ಅಂಟು ಕಾಯಿಸಿಕೊಂಡು ಹೋದರು. ಖಾಲಿ ಕಟ್ಟಡದಲ್ಲಿ ಒಲೆ ಹಚ್ಚಿದವರು ಯಾರು ಸ್ವಾಮಿ, ದೆವ್ವಗಳೇ? ಕೂತಲ್ಲೇ ಸಮೀಕ್ಷೆ ಮಾಡಿದರೆ ಹೀಗೇ ಆಗುವುದು.

ಬದುಕಿರುವವರನ್ನು ಕಾಗದದ ಮೇಲೆ ಸಾಯಿಸಿದ ಅನುಭವ ನನಗೂ ಇದೆ. ಈ ಬಾರು ಪತ್ರಕರ್ತರ ಎರಡನೆಯ ಕಚೇರಿಯಾಗಿದ್ದ ಕಾಲದಲ್ಲಿ ನಾನು ಹೊಸ ವರದಿಗಾರ. ದೋಣಿ ಮಗುಚಿ ಅಂಬಿಗನೊಬ್ಬ ಸತ್ತನೆಂದು, ಯಾರೋ ಹೇಳಿದ್ದನ್ನು ನಂಬಿ ಬರೆದೆ. ಮರುದಿನ ಮಧ್ಯಾಹ್ನ ಆತ ಪತ್ರಿಕೆ ಹಿಡಿದು ಇಲ್ಲಿಗೇ ಬಂದ. ಇಲ್ಲಿ ಒಂದು ಪದ್ಧತಿಯಿತ್ತು: ತಪ್ಪು ಬರೆದವನು ನದಿಗೆ ಬೆನ್ನು ಹಾಕಿದ ಮೂಲೆಯ ಕುರ್ಚಿಯಲ್ಲಿ ಕೂತು, ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, ತಪ್ಪೊಪ್ಪಿಕೊಳ್ಳಬೇಕು. ಸಂಪಾದಕರಿಗೂ ವಿನಾಯಿತಿಯಿರಲಿಲ್ಲ.

"ಮೊದ್ಲು ಓದಿ ಸಾರ್, ಆಮೇಲೆ ಊಟ," ಎಂದರು ಹಿರಿಯ ಸಪ್ಲೈಯರ್.

ಆ ಕುರ್ಚಿಯಲ್ಲಿ ಕೂತು ಓದಿದೆ. ಅಂಬಿಗ ಪೂರ್ತಿ ಕೇಳಿಸಿಕೊಂಡು, "ಹಂಗೇ ನಮ್ಮನೇಗೂ ಬಂದು ಓದಿಬಿಡಿ. ನಾನು ಬದುಕಿದೀನಿ ಅಂತ ನಮ್ಮತ್ತೆ ಇನ್ನೂ ನಂಬ್ತಿಲ್ಲ," ಎಂದ. ಹೋದೆ, ಓದಿದೆ. ಅಂದಿನಿಂದ ಕಣ್ಣಾರೆ ಕಾಣದೆ ಯಾರನ್ನೂ ಸಾಯಿಸಿಲ್ಲ. ನನ್ನನ್ನು ವರದಿಗಾರನನ್ನಾಗಿ ಮಾಡಿದ್ದು ಪದವಿಯಲ್ಲ, ಆ ಕುರ್ಚಿ.

ಪತ್ರಿಕಾ ಕಚೇರಿಗಳು ಊರಾಚೆ ಹೋದವು, ಪತ್ರಕರ್ತರು ಈಗ ಬರುವುದಿಲ್ಲ, ಒಪ್ಪಿದೆ. ಆದರೆ ದೋಣಿಯವರು, ಗುಮಾಸ್ತರು, ಪಾಳಿ ಮುಗಿಸಿದ ನರ್ಸುಗಳು ಉಣ್ಣುವುದು ಅಲ್ಲೇ. ಪತ್ರಕರ್ತರಿಲ್ಲದ ಮಾತ್ರಕ್ಕೆ ಇವರೆಲ್ಲ ಗಾಳಿಯೇ? ಅಜ್ಜ ಕಟ್ಟಿದ ಬಾರನ್ನು ನಡೆಸುತ್ತಿರುವ ಮಾಲಕಿ ತಮ್ಮ ಕಚೇರಿಗೆ ನಾಲ್ಕು ಸಲ ಅಲೆದರು. "ಕಟ್ಟಡ ಖಾಲಿ ಅಂತ ಫೈಲಲ್ಲಿದೆ, ಹಂಗಾದ್ರೆ ನೀವ್ಯಾರಮ್ಮ?" ಎಂದು ತಮ್ಮ ಸಿಬ್ಬಂದಿ ಕೇಳಿದರಂತೆ. ಅದನ್ನು ನನಗೆ ಹೇಳುವಾಗ ಆಕೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ನನ್ನ ಬೇಡಿಕೆ ಒಂದೇ. ಬರುವ ಶನಿವಾರ ಮಧ್ಯಾಹ್ನ ಬನ್ನಿ. ಮೂಲೆಯ ಕುರ್ಚಿಯನ್ನು ಒರೆಸಿ ಇಟ್ಟಿರುತ್ತೇವೆ. ಭರ್ತಿಯಾದ ಒಂಬತ್ತು ಟೇಬಲ್‌ಗಳ ಎದುರು "ಈ ಕಟ್ಟಡ ಖಾಲಿಯಿದೆ" ಎಂದು ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದರೆ ನೋಟಿಸು ಹರಿಯಿರಿ, ಕುರ್ಚಿ ತಿರುಗಿಸಿ ನದಿ ನೋಡುತ್ತಾ ಉಣ್ಣಿ. ತಡವರಿಸದಿದ್ದರೆ ಬುಲ್ಡೋಜರ್ ತನ್ನಿ, ನಾವು ಒಳಗೇ ಕೂತಿರುತ್ತೇವೆ.

ಇಂತಿ,
ಆ ಕುರ್ಚಿಯಲ್ಲಿ ಹನ್ನೊಂದು ಸಲ ಕೂತೆದ್ದ
ಒಬ್ಬ ನಿವೃತ್ತ ವರದಿಗಾರ