ನಿನ್ನ ತೊಟ್ಟಿಯಲ್ಲಿ ಮೀನಿಲ್ಲ

ಮನೆಯಿಂದ, ನಿನ್ನ ಹೊಲಿಗೆ ಕೋಣೆಯ ಕಿಟಕಿ ಪಕ್ಕ
ಏಪ್ರಿಲ್ ೨೧, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಕತ್ತು ನೋವು ಇಳಿಯಿತೇ? ದಿನವಿಡೀ ಬಗ್ಗಿ ಬಟ್ಟೆ ಕತ್ತರಿಸುತ್ತಾ ಕೊನೆಗೆ ಕತ್ತಿಗೇ ಕತ್ತರಿ ಹಾಕಿಕೊಳ್ಳಬೇಡ ಎಂದು ಅಪ್ಪ ಬರೆಯಲು ಹೇಳಿದ್ದಾರೆ. ನಿಮ್ಮ ನಾಟಕ ಕಂಪನಿಯ ರಾಜ ಈಗಲೂ ಯುದ್ಧದ ದೃಶ್ಯದಲ್ಲಿ ಕೈಯೆತ್ತಿ ಬಗಲು ಹರಿದುಕೊಳ್ಳುತ್ತಾನಾ? ಆ ಯುದ್ಧದಲ್ಲಿ ದಿನವೂ ಸೋಲುವುದು ಹೊಲಿಗೆ ಒಂದೇ ಎಂದು ನೀನು ಬರೆದಿದ್ದನ್ನು ಅಪ್ಪ ತಮ್ಮ ಕನ್ನಡಕದಂಗಡಿಗೆ ಬಂದವರಿಗೆಲ್ಲ ಹೇಳಿ ನಗಿಸಿದ್ದಾರೆ. ಅಕ್ಷರ ಓದಿಸಿ ಕಣ್ಣು ಪರೀಕ್ಷೆ ಮಾಡುವಾಗಲೂ ಬಿಡಲಿಲ್ಲವಂತೆ. ನಾವಿಲ್ಲಿ ಚೆನ್ನಾಗಿದ್ದೇವೆ. ಸೆಕೆ ಅಂದರೆ ಸೆಕೆ. ಕಾಲೇಜಿನ ಪ್ರಯೋಗಾಲಯದಲ್ಲಿ ಬರ್ನರ್ ಹಚ್ಚುವ ಅಗತ್ಯವೇ ಇಲ್ಲ, ಹುಡುಗಿಯರು ಪರೀಕ್ಷಾನಾಳ ಕೈಯಲ್ಲಿ ಹಿಡಿದು ನಿಂತರೆ ಸಾಕು, ಕುದಿಯುತ್ತದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಕೇಳಿದರೆ ನಿನಗೆ ಇನ್ನೊಂದು ಕೇಳಿಸುತ್ತದೆ, ಅಥವಾ ರಾಣಿಯ ಲಂಗ ಇಸ್ತ್ರಿಗೆ ಬರುತ್ತದೆ. ಕಾಗದಕ್ಕೆ ಆ ಸೌಲಭ್ಯವಿಲ್ಲ.

ಈಗ ಸುದ್ದಿ. ಕೈಯಲ್ಲಿ ಸೂಜಿಯಿದ್ದರೆ ಕೆಳಗಿಡು. ನಮ್ಮ ಮನೆಯಲ್ಲಿ ಒಂದು ಮೀನಿದೆ. ತಿನ್ನುವುದಲ್ಲ, ತಿನ್ನಿಸುವುದು. ಬೆಟ್ಟಾ ಅಂತ ಜಾತಿ; ಅಂಗಡಿಯವರು ಫೈಟರ್ ಅನ್ನುತ್ತಾರೆ. ಹೆಸರು ಬೆಟ್ಟಾ, ಆಸಾಮಿ ನನ್ನ ಹೆಬ್ಬೆರಳಷ್ಟು. ನಿನ್ನ ಕಾಯಿದೆ ನನಗೆ ಮರೆತಿಲ್ಲ. ಚಿಕ್ಕವಳಿದ್ದಾಗ ನಾನು ಬೆಕ್ಕು ಕೇಳಿದೆ, ನೀನು "ಗಿರಾಕಿಗಳ ಬಟ್ಟೆಗೆಲ್ಲ ಕೂದಲು ಮೆತ್ತತ್ತೆ" ಅಂದೆ. ಗಿಣಿ ಕೇಳಿದೆ, "ಈ ಮನೇಲಿ ಮಾತಾಡೋಕೆ ನೀನೊಬ್ಬಳು ಸಾಲದಾ?" ಅಂದೆ. ಕೂದಲೂ ಇಲ್ಲದ, ಮಾತೂ ಬಾರದ ಆಮೆ ಕೇಳಿದಾಗ ನಿನ್ನ ವಕೀಲಿಕೆ ಮುಗಿದು ನ್ಯಾಯಾಧೀಶರ ಗಂಟಲು ಬಂತು: "ಜೀವ ಅಂದ್ರೆ ಆಟದ ಸಾಮಾನಲ್ಲ ಕಣೇ. ಒಂದು ಸಲ ತಂದ ಮೇಲೆ ಅದನ್ನ ಬಿಟ್ಟು ಎಲ್ಲಿಗೂ ಹೋಗೋ ಹಾಗಿಲ್ಲ." ಮೇಲ್ಮನವಿಗೆ ಅವಕಾಶವಿರಲಿಲ್ಲ. ಹಾಗಾಗಿ ನೀನು ಒಂದು ಸೀಸನ್ನಿಗೆ ಅಂತ ದೂರದೂರಿನಲ್ಲಿ ನೆಲೆನಿಂತಿರುವ ಆ ಕಂಪನಿಯ ಉಡುಪಿನ ಕೋಣೆ ನೋಡಿಕೊಳ್ಳಲು ಹೋದ ಮೇಲೆ ನಾನೂ ಅಪ್ಪನೂ ಸೇರಿ ಸಂಚು ಮಾಡಿದೆವು. ನೀನು ವಾಪಸು ಬಂದು ಹೊಲಿಗೆ ಯಂತ್ರದ ಮುಂದೆ ಕೂತು ತಲೆಯೆತ್ತಿದರೆ ಎದುರಿಗೆ ಮೀನು ಕಾಣಬೇಕು. ನೀನು ಬೈಯಬೇಕು, ಆಮೇಲೆ ಅದರ ಬಾಲ ನೋಡಿ ಬೈಗುಳ ಅರ್ಧಕ್ಕೇ ನಿಲ್ಲಬೇಕು. ನಮ್ಮ ಯೋಜನೆ ಇಷ್ಟೇ.

ಅಪ್ಪನ ಮೀನಮೇಷ ನಿನಗೆ ಗೊತ್ತಲ್ಲ. ಮೇಷ ಒಂದನ್ನು ಬಿಡಿಸಿ ಮೀನಕ್ಕೆ ಒಪ್ಪಿಸುವಷ್ಟರಲ್ಲಿ ಚಳಿ ಶುರುವಾಗಿತ್ತು. ಒಂದು ಶನಿವಾರ ಸಾಕುಮೀನಿನ ಅಂಗಡಿಗೆ ಹೋಗಿ ತೊಟ್ಟಿ, ಸ್ಪಂಜಿನ ಫಿಲ್ಟರು, ಮುಚ್ಚಳ ಎಲ್ಲ ಆರಿಸಿ ಮೀನು ಕೇಳಿದರೆ ಅಂಗಡಿಯಾಕೆ ಕೊಡಲೇ ಇಲ್ಲ. "ಮೊದಲು ನೀರು ಹದಕ್ಕೆ ಬರಲಿ, ಮೀನು ಆಮೇಲೆ" ಅಂದರು. ಮೀನಿನ ಕೊಳೆ ನೀರಿನಲ್ಲಿ ವಿಷವಾಗುತ್ತದೆ, ಆ ವಿಷ ತಿಂದು ಅರಗಿಸುವ ಸೂಕ್ಷ್ಮಜೀವಿಗಳು ಸ್ಪಂಜಿನಲ್ಲಿ ನೆಲೆಯೂರಬೇಕು, ಅದಕ್ಕೆ ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಫಿಲ್ಟರು ಓಡುತ್ತಿರಬೇಕು, ಚಿಟಿಕೆ ಆಹಾರ ಹಾಕಿ ಕೊಳೆಸುತ್ತಿರಬೇಕು, ಒಳಗೆ ಯಾರೂ ಇರಬಾರದು. ರಸಾಯನಶಾಸ್ತ್ರ ಕಲಿಸುವವಳಾದ ನನಗೆ ಇದು ಎಷ್ಟು ಹಿಡಿಸಿತೆಂದರೆ ದಿನಾ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ನೀರಿನಲ್ಲಿ ಆ ವಿಷ, ಅಂದರೆ ಅಮೋನಿಯಾ, ಎಷ್ಟಿದೆಯೆಂದು ನೋಡುತ್ತಿದ್ದೆ. ಬಿಲ್ಲು ಮಾಡುವಾಗ ಆಕೆ ಇನ್ನೊಂದು ಮಾತು ಹೇಳಿದ್ದರು: "ಇಲ್ಲೇ ಇರೋರು ತಾನೆ? ಸದ್ಯದಲ್ಲೇ ಮನೆ ಖಾಲಿ ಮಾಡೋರಾದ್ರೆ ಶುರು ಮಾಡ್ಬೇಡಿ. ಹದ ಮಾಡಿದ ತೊಟ್ಟೀನ ಎತ್ತಿಕೊಂಡು ಊರೂರು ತಿರುಗೋಕಾಗಲ್ಲ." ಅಪ್ಪ ಎದೆ ಸೆಟೆಸಿ, "ನಾವು ಬೇರು ಬಿಟ್ಟ ಜನ" ಅಂದರು.

ಹೀಗೆ ಬರೀ ನೀರು ಸಾಕಿಕೊಂಡು ಕೂತೆವು. ಬಂದವರೆಲ್ಲ ತೊಟ್ಟಿಯೊಳಗೆ ಇಣುಕಿ ನಮ್ಮ ಮುಖ ನೋಡುತ್ತಿದ್ದರು. ಅತ್ತೆ ಬಂದು ಸುತ್ತಲೂ ಹುಡುಕಿ, "ಏನೋ ಅಣ್ಣ, ಮೀನು ಪಾರದರ್ಶಕಾನಾ?" ಅಂದರು. "ಇಲ್ಲಮ್ಮ, ಮನೆ ಕಟ್ಟಿ ಆಯ್ತು, ಒಕ್ಕಲು ಬಂದಿಲ್ಲ" ಅಂತ ಅಪ್ಪ. ಕೊನೆಗೆ ನೀರು ಹದಕ್ಕೆ ಬಂದ ದಿನ ಒಕ್ಕಲು ಬಂತು. ಚೀಲವನ್ನು ಹಾಗೇ ನೀರಿನ ಮೇಲೆ ತೇಲಿಬಿಟ್ಟು, ಒಳಗಿನ ಬಿಸಿಯೂ ಹೊರಗಿನ ಬಿಸಿಯೂ ರಾಜಿಯಾದ ಮೇಲೆ ಮೆಲ್ಲಗೆ ಬಿಟ್ಟೆವು. ಅಮ್ಮಾ, ಆ ಬಾಲ! ಕಡುಗೆಂಪು, ಅಂಚಿಗೆ ನೀಲಿ. ನೀನು ಹತ್ತು ಸಲ ಬಿಚ್ಚಿ ಹೊಲಿದರೂ ಅಂಥ ನೆರಿಗೆ ಬೀಳುವುದು ಸುಳ್ಳು. ಅದಕ್ಕೇ ನೆರಿಗೆರಾಯ ಎಂದು ಹೆಸರಿಟ್ಟೆವು. ಅಪ್ಪ ತಂದಿದ್ದ ಪ್ಲಾಸ್ಟಿಕ್ ಗಿಡಕ್ಕೆ ಸಿಕ್ಕಿ ಆ ನೆರಿಗೆ ಒಂದು ಕಡೆ ಸೀಳಿದಾಗ ನಮ್ಮಿಬ್ಬರಿಗೂ ಮೊದಲು ನೆನಪಾದದ್ದು ನೀನು. "ಅವಳಿದ್ದಿದ್ರೆ ತೇಪೆ ಹಾಕಿಬಿಡೋಳು" ಅಂದರು ಅಪ್ಪ. ನಿನ್ನ ಹಳೇ ರೇಷ್ಮೆ ತುಂಡೊಂದನ್ನು ಗಿಡದ ಮೇಲೆ ಎಳೆದು ನೋಡಿದೆ, ಎಳೆ ಕಿತ್ತು ಬಂತು. ಗಿಡ ಕಸಕ್ಕೆ ಹೋಯಿತು, ಜೀವಂತ ಗಿಡ ಬಂತು, ಶುದ್ಧ ನೀರಿನಲ್ಲಿ ಬಾಲ ತಾನೇ ಬೆಳೆಯಿತು. ಇನ್ನೊಂದು ದಿನ ಅಪ್ಪ ಅಂಗಡಿಯಿಂದ ಗಿರಾಕಿಗಳು ಮುಖ ನೋಡಿಕೊಳ್ಳುವ ಕನ್ನಡಿ ತಂದು ಎದುರಿಗಿಟ್ಟರು; ರಾಯರು ಕಿವಿರು ಬಿಚ್ಚಿ, ಮೈಯೆಲ್ಲ ಅರಳಿಸಿ, ತಮ್ಮ ಮೇಲೇ ಯುದ್ಧ ಸಾರಿದರು. ಅಪ್ಪ ಕನ್ನಡಿ ಅಲ್ಲೇ ಮರೆತು ಹೋಗಿದ್ದರಿಂದ ಸಂಜೆಯವರೆಗೂ ಯುದ್ಧ ನಡೆದು ಮೀನು ಸುಸ್ತಾಗಿ ತಳದಲ್ಲಿ ಮಲಗಿತ್ತು. ಅಪ್ಪನಿಗೆ ಊಟ ಸೇರಲಿಲ್ಲ. ಇದಕ್ಕೆ ಬೆಚ್ಚಗಿನ ನೀರೇ ಆಗಬೇಕು. ಚಳಿಗೆ ಒಂದು ದಿನ ಅಲುಗಾಡದೆ ನಿಂತಾಗ ಅಪ್ಪ ತಮ್ಮ ಮಫ್ಲರನ್ನು ತೊಟ್ಟಿಗೆ ಸುತ್ತಿ, ತಾವು ಕೆಮ್ಮುತ್ತಾ ಹೋಗಿ ಹೀಟರ್ ತಂದರು. ಈಗ ಅಪ್ಪನ ಹೆಜ್ಜೆ ಸಪ್ಪಳಕ್ಕೇ ಅದು ಗಾಜಿನ ಹತ್ತಿರ ಓಡಿಬರುತ್ತದೆ. ನೀರು ಬದಲಿಸುವವಳು ನಾನು, ಬಾಲ ಬಿಚ್ಚುವುದು ಅವರ ಮುಂದೆ.

ಇಷ್ಟು ಹೊತ್ತು ನಗಿಸಿದೆ. ಇನ್ನು ನನಗೆ ಆಗುವುದಿಲ್ಲ.

ಬುಧವಾರ ನಿನ್ನ ಕಾಗದ ಬಂತು. ಯಾವಾಗಲೂ ಇಡುವ ಹಾಗೆ ಹೊಲಿಯುತ್ತಿರುವ ಬಟ್ಟೆಯ ತುಣುಕನ್ನು ಮಡಿಸಿ ಇಟ್ಟಿದ್ದೆ. ಈ ಸಲ ರಾಣಿಯ ನಿಲುವಂಗಿಯದು, ಕಡುಗೆಂಪು. "ಸೀಸನ್ ಮುಗೀತಾ ಬಂತು, ಮುಂದಿನ ತಿಂಗಳು ಬಂದುಬಿಡ್ತೀನಿ, ನನ್ನ ಯಂತ್ರಕ್ಕೆ ಎಣ್ಣೆ ಹಾಕಿಡಿ" ಎಂದು ಬರೆದಿದ್ದೆ. ಜೊತೆಗೆ ಅಲ್ಲಿನ ನಿನ್ನ ಕೋಣೆಯಲ್ಲಿ ಆ ನಿಲುವಂಗಿಯ ಪಕ್ಕ ನೀನು ನಗುತ್ತಾ ನಿಂತಿರುವ ಫೋಟೋ. ಅಪ್ಪ ಅದನ್ನು ಭೂತಗನ್ನಡಿ ಹಿಡಿದು ನೋಡಿ, ಹೊಲಿಗೆ ಹೊಗಳಿ, ಕಪಾಟಿನ ಬಾಗಿಲಿಗೆ ಅಂಟಿಸಿದರು. ಆಗ ಬಂದಿದ್ದ ಅತ್ತೆಯ ಕಣ್ಣು ಮಾತ್ರ ಫೋಟೋದಲ್ಲಿ ನಿನ್ನ ಹಿಂದಿರುವ ಕಪಾಟಿನ ಮೇಲೆ ಹೋಯಿತು: "ಅದೇನೋ ಅಣ್ಣ, ಗಾಜಿನ ಪೆಟ್ಟಿಗೆ? ಬರೀ ನೀರಿದೆ." ಅಪ್ಪ, "ಗುಂಡಿ ತೊಳೆಯೋಕಿರ್ಬೇಕು" ಅಂದುಬಿಟ್ಟರು. ಅತ್ತೆ ನಕ್ಕರು. ನಾನೂ ನಕ್ಕೆ, ನಗುತ್ತಲೇ ಹತ್ತಿರ ಹೋಗಿ ನೋಡಿದೆ.

ಮೂಲೆಯಲ್ಲಿ ಸ್ಪಂಜು. ಸ್ಪಂಜಿನಿಂದ ಮೇಲೇಳುವ ಗುಳ್ಳೆಗಳ ಸಾಲು. ಮರಳಿನಲ್ಲಿ ಈಗಷ್ಟೇ ನೆಟ್ಟ, ಇನ್ನೂ ಬೇರೂರದೆ ವಾಲಿರುವ ಎಳೇ ಗಿಡ. ಮೇಲೆ ಮುಚ್ಚಳ. ಮೀನಿಲ್ಲ. ಹೋದ ವರ್ಷ ಈ ಫೋಟೋ ಬಂದಿದ್ದರೆ ನಾನೂ ಗುಂಡಿ ತೊಳೆಯುವುದಕ್ಕೇ ಅಂದುಕೊಳ್ಳುತ್ತಿದ್ದೆ. ಈಗ ಗೊತ್ತು. ಮೀನಿರುವ ತೊಟ್ಟಿ ಕಂಡಿದ್ದರೆ ಯಾರೋ ಕೊಟ್ಟದ್ದು, ಯಾರೋ ಬಿಟ್ಟು ಹೋದದ್ದು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಖಾಲಿ ತೊಟ್ಟಿಯನ್ನು ಓಡಿಸುತ್ತಾ ಕೂರುವವರು ತಾಳ್ಮೆಯಿಂದ, ಯೋಚಿಸಿ, ಮುಂದಿನ ವರ್ಷಗಳಿಗೆ ಜಾಗ ಮಾಡುತ್ತಿರುವವರು. ಮುಂದಿನ ತಿಂಗಳು ಮನೆಗೆ ಹೊರಡುವವರು ಈ ತಿಂಗಳು ನೀರು ಹದ ಮಾಡುವುದಿಲ್ಲ ಅಮ್ಮಾ. ಅದೂ, ಜೀವ ತಂದ ಮೇಲೆ ಬಿಟ್ಟು ಹೋಗೋ ಹಾಗಿಲ್ಲ ಎನ್ನುವ ನೀನು! ಬೇರೆ ಯಾರ ಕೋಣೆಯಲ್ಲಾದರೂ ಅದು ತೊಟ್ಟಿ. ನಿನ್ನ ಕೋಣೆಯಲ್ಲಿ ಅದು ತೀರ್ಮಾನ.

ನೀನು ಅಲ್ಲೇ ಇರಬೇಕೆಂದು ಬಯಸಿದ್ದಕ್ಕೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಸಿಟ್ಟಿದೆ, ಆದರೆ ಅದಕ್ಕೆ ಕಾರಣ ಹುಡುಕಿದರೆ ನಿನ್ನ ಪರವಾಗಿ ನಾನೇ ವಾದಿಸಬಲ್ಲೆ. ಇಲ್ಲಿ ಇಡೀ ಬೀದಿಯ ಪ್ಯಾಂಟುಗಳ ಕಾಲು ಗಿಡ್ಡ ಮಾಡುತ್ತಿದ್ದವಳು ಅಲ್ಲಿ ರಾಣಿಯರಿಗೆ ಬಟ್ಟೆ ಹೊಲಿಯುತ್ತಿದ್ದೀಯ. ಫೋಟೋದಲ್ಲಿ ನಿನ್ನ ಭುಜ ನೆಟ್ಟಗಿದೆ. ಅದೂ ಕಂಡಿತು ನನಗೆ. ಹೇಳಿದ್ದರೆ ನಾವು ಅಳುತ್ತಿದ್ದೆವು, ಕೂಗಾಡುತ್ತಿದ್ದೆವು, ಆಮೇಲೆ ನಿನ್ನ ಪೆಟ್ಟಿಗೆ ಕಟ್ಟುತ್ತಿದ್ದೆವು. ನೀನು ಬಾಯಿಗೆ ಹೊಲಿಗೆ ಹಾಕಿಕೊಂಡೆ. ಕಿವಿಯಿರುವ ನಮಗೆ ಹೂವಿಟ್ಟೆ, ಕಿವಿರಿರುವವನಿಗೆ ಮನೆ ಮಾಡಿಕೊಟ್ಟೆ. ನಾವಿಲ್ಲಿ ನಿನಗಾಗಿ ಮೀನು ಸಾಕುತ್ತಿದ್ದರೆ ನೀನಲ್ಲಿ ನಮಗೆ ಹೇಳದೆ ನೀರು ಸಾಕುತ್ತಿದ್ದೆ. ನಾವೂ ಮುಚ್ಚಿಟ್ಟಿದ್ದೆವಲ್ಲ ಅನ್ನಬೇಡ. ನಾವು ಮುಚ್ಚಿಟ್ಟದ್ದು ನೀನು ಬರುತ್ತೀಯೆಂದು. ಹೊಟ್ಟೆ ಉರಿಯುವುದು ಇನ್ನೊಂದಕ್ಕೆ: ನಿನ್ನ ಜೀವನದ ಮೊದಲ ಸಾಕುಪ್ರಾಣಿ, ಬೆಕ್ಕಿಗೂ ಗಿಣಿಗೂ ಆಮೆಗೂ ನಾನು ಅತ್ತ ಮನೆಯಲ್ಲಿ ಆಗದೆ, ಬೇರೆ ಎಲ್ಲೋ ಆಗುತ್ತಿದೆ. ಅಲ್ಲಿ ಕೂದಲು ಮೆತ್ತುವ ಬಟ್ಟೆ ಇಲ್ಲವೇ?

ಅಪ್ಪನಿಗೆ ನಾನು ಏನೂ ಹೇಳಿಲ್ಲ. ಹೇಗೆ ಹೇಳಲಿ? ಯಂತ್ರಕ್ಕೆ ಎಣ್ಣೆ ಹಾಕಿದ್ದಾರೆ. ಬೆಳಕು ಚೆನ್ನಾಗಿ ಬೀಳಲಿ ಎಂದು ಕಿಟಕಿಯ ಗಾಜು ಉಜ್ಜಿ ಉಜ್ಜಿ, ಈಗ ಗಾಜಿದೆಯೋ ಇಲ್ಲವೋ ಗೊತ್ತಾಗದೆ ಒಂದು ಗುಬ್ಬಿ ಬಂದು ಹೊಡೆದುಕೊಂಡಿತು. ನಿನ್ನ ಗಿರಾಕಿಗಳು ತಂದಿಟ್ಟ ಬಟ್ಟೆ ಬೆಂಚಿನ ಮೇಲೆ ಗುಡ್ಡ ಬಿದ್ದಿದೆ. ಒಬ್ಬೊಬ್ಬರಿಗೂ "ಮುಂದಿನ ತಿಂಗಳು ಬರ್ತಾಳೆ, ಅರ್ಜೆಂಟ್ ಅಂದ್ರೆ ಬೇರೆ ಕಡೆ ಕೊಡಿ, ಆದರೆ ಅವಳ ಕೈ ಹೊಲಿಗೆ ಸಿಗಲ್ಲ" ಎನ್ನುತ್ತಾರೆ. ಆ ಮಾತು ಅವರು ಹೇಳುವಾಗಲೆಲ್ಲ ನಾನು ಒಳಗೆ ಹೋಗಿ ಅಮೋನಿಯಾ ನೋಡುತ್ತೇನೆ. ಮೀನು ಚೆನ್ನಾಗಿದೆ, ನೀರು ಚೆನ್ನಾಗಿದೆ. ಬೇರೇನನ್ನು ಪರೀಕ್ಷೆ ಮಾಡಬೇಕೋ ಅದಕ್ಕೆ ನನ್ನ ಹತ್ತಿರ ದ್ರಾವಣವಿಲ್ಲ. ನನ್ನ ಕೈಯಿಂದ ಅವರಿಗೆ ಹೇಳಿಸಬೇಡ. ಬರುವುದಾದರೆ ಬರುತ್ತೇನೆ ಎನ್ನು, ಇಲ್ಲದಿದ್ದರೆ ಇಲ್ಲ ಎನ್ನು. ಅವರ ಹೆಸರಿಗೇ ಬರೆ, ಅಂಗಡಿ ವಿಳಾಸಕ್ಕೆ ಬೇಡ, ಮನೆಗೆ ಬರೆ. ಓದುವಾಗ ನಾನು ಹತ್ತಿರ ಇರುತ್ತೇನೆ.

ಕತ್ತಿಗೆ ಬಿಸಿ ಶಾಖ ಕೊಡುವುದು ಮರೆಯಬೇಡ. ಅತ್ತೆ ನಿನ್ನನ್ನು ಕೇಳಿದ್ದಾರೆ. ನೆರಿಗೆರಾಯರಿಗೆ ನಿನ್ನ ಪರಿಚಯವಿಲ್ಲ, ಆದ್ದರಿಂದ ಅವರದು ನಮಸ್ಕಾರ ಮಾತ್ರ. ನನ್ನದು ಏನೆಂದು ಬರೆಯಲು ಇವತ್ತು ಮನಸ್ಸು ಬರುತ್ತಿಲ್ಲ, ನೀನೇ ಊಹಿಸಿಕೋ.

ಇಂತಿ,
ಬೆಟ್ಟದಷ್ಟು ಸಿಟ್ಟು ಹೊತ್ತಿರುವ
ನಿನ್ನ ಮಗಳು

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಪ್ಪ ಬಂದರು. ಅಮ್ಮನಿಗಾ ಅಂದರು, ಹೂಂ ಅಂದೆ. ಕಪಾಟಿನ ಬಾಗಿಲಿನ ಫೋಟೋ ಹತ್ತಿರ ಹೋಗಿ ನೋಡಿ, ನನ್ನ ಕಡೆ ತಿರುಗದೆ ಹೇಳಿದರು: "ಅವಳ ತೊಟ್ಟೀಲಿ ಹೀಟರ್ ಕಾಣಿಸ್ತಿಲ್ಲ ಕಣೇ. ಈಗ ಸೆಕೆ, ನಡೆಯತ್ತೆ. ಚಳಿಗಾಲಕ್ಕೆ ಬೇಕಾಗತ್ತೆ, ತಗೊಂಡಿಡು ಅಂತ ಬರಿ." ಬರೆದಿದ್ದೇನೆ. ಈಗ ಅವರು ಹೊರಗೆ ಬೆಂಚಿನ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿ, ಯಾರು ಯಾರದು ಅಂತ ಬೇರೆ ಬೇರೆ ಇಡುತ್ತಿದ್ದಾರೆ, ವಾಪಸು ಕೊಡಲು.